ಓಟಕ್ಕೂ ಇರಲಿ, ಓಡಾಟಕ್ಕೂ ಇರಲಿ

ಅಮೆರಿಕದ ಡ್ರ್ಯಾಗ್ ರೇಸ್ ಎಂದರೆ ಸಾಮಾನ್ಯವಾಗಿ 402 ಮೀಟರ್‌ಗಳ ನೇರ ಓಟ. ಓಡಿದ ಕಾರಿನಲ್ಲೇ ಮನೆಗೂ ಹೋಗಬೇಕಾದರೆ ಹಿಂದಿನ ಸಸ್ಪೆನ್ಷನ್ ಯಾವುದಿರಬೇಕು?

1967ರ ಕ್ಯಾಮರೋಗೆ ಇದ್ದದ್ದು ನಮ್ಮ ಲಾರಿಗಳಲ್ಲಿ ಕಾಣುವಂಥ ಲೀಫ್ ಸ್ಪ್ರಿಂಗ್. ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ ಪಟ್ಟಿ ತಿರುಚಿಕೊಂಡು ಚಕ್ರ ಕುಪ್ಪಳಿಸುತ್ತದೆ, ಹಿಡಿತ ತಪ್ಪುತ್ತದೆ. ಲ್ಯಾಡರ್ ಬಾರ್ ಈ ತಿರುಚನ್ನು ತಡೆಯುತ್ತದೆ. ಆದರೆ ತಿರುವಿನಲ್ಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋಗಬೇಕಾದಾಗ ಬಿಗಿದುಕೊಳ್ಳುತ್ತದೆ. ಫೋರ್ ಲಿಂಕ್‌ನಲ್ಲಿ ಸರಳುಗಳ ಕೋನ ಬದಲಿಸಿ ಹಿಡಿತ ಹೊಂದಿಸಬಹುದು. ಆದರೆ ರೇಸಿನ ಲೋಹದ ಕೀಲುಗಳು ರಸ್ತೆಯ ಧೂಳು, ನೀರಿಗೆ ಬೇಗ ಸವೆಯುತ್ತವೆ.

ಹಾಗಾಗಿ ಮೊದಲು ಲೆಕ್ಕ ಹಾಕಿ: ರಸ್ತೆ ಎಷ್ಟು, ಟ್ರ್ಯಾಕ್ ಎಷ್ಟು? ರಸ್ತೆಯೇ ಹೆಚ್ಚಾದರೆ ಲೀಫ್ ಸ್ಪ್ರಿಂಗ್‌ಗೆ ಟ್ರ್ಯಾಕ್ಷನ್ ಬಾರ್ ಸೇರಿಸಿ ನೋಡಿ. ಓಟ ಕೆಲವೇ ಸೆಕೆಂಡಿನದು, ಅದು ಟ್ರ್ಯಾಕಿನಲ್ಲೇ ಇರಲಿ. ಮನೆಯ ದಾರಿಯ ತಿರುವಿನಲ್ಲಿ ಕಾರು ನಿಮ್ಮ ಮಾತು ಕೇಳಬೇಕಲ್ಲವೇ?