ಹಳೆಯ ಫ್ಲ್ಯಾಟು ಮಾರಾಟಕ್ಕಿದೆ: ಕೊಳ್ಳುವವನಿಗೆ ಸಿಗುವುದೇನು?

(ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ನಿವಾಸಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



‘ಮುಂಬಯಿಯಲ್ಲಿ ಹಳೆಯ ಕಾಲದ ಫ್ಲ್ಯಾಟು ಮಾರಾಟಕ್ಕಿದೆ. ಪಕ್ಕದಲ್ಲೇ ಮೈದಾನ. ನಡೆದು ಹೋಗುವಷ್ಟು ದೂರದಲ್ಲಿ ಸಮುದ್ರ.’ ವರ್ಗೀಕೃತ ಜಾಹೀರಾತುಗಳಲ್ಲಿ ಇಂಥ ಸಾಲುಗಳು ಅಪರೂಪವೇನಲ್ಲ. ಓದಿದವರ ಕಣ್ಣ ಮುಂದೆ ಎತ್ತರದ ಚಾವಣಿ, ತೇಗದ ಬಾಗಿಲು, ಮೊಸಾಯಿಕ್ ನೆಲ, ಸಂಜೆಯ ಗಾಳಿ ಬರುವ ಬಾಲ್ಕನಿ ಬಂದು ನಿಲ್ಲುತ್ತವೆ. ಆದರೆ ಜಾಹೀರಾತು ಹೇಳದೇ ಬಿಡುವ ಒಂದು ಮಾತಿದೆ. ಅಷ್ಟು ಹಣ ಕೊಟ್ಟವನಿಗೆ ನಿಜವಾಗಿ ಸಿಗುವುದೇನು? ಗೋಡೆಯೇ, ನೆಲವೇ, ಅಥವಾ ಬೇರೆ ಏನಾದರೂ?

ಈ ಪ್ರಶ್ನೆ ಸಮುದ್ರವಿಲ್ಲದ ದಾವಣಗೆರೆಗೂ ಸಂಬಂಧಿಸಿದ್ದೇ. ಒಂದು ನಿವೇಶನ, ಅದರಲ್ಲಿ ಒಂದು ಮನೆ, ಸುತ್ತ ಒಂದು ಕಾಂಪೌಂಡು ಎಂಬುದು ಇಲ್ಲಿನ ಬಡಾವಣೆಗಳ ಹಿರಿಯರು ಬಲ್ಲ ಆಸ್ತಿಯ ಲೆಕ್ಕ. ಫ್ಲ್ಯಾಟು ಬಂದಾಗ ಆ ಲೆಕ್ಕವೇ ಬದಲಾಗುತ್ತದೆ. ಈ ಹೊಸ ಲೆಕ್ಕವನ್ನು ಭಾರತದಲ್ಲಿ ಮೊದಮೊದಲು ಬರೆದವರಲ್ಲಿ ಕನ್ನಡ ಕರಾವಳಿಯಿಂದ ಮುಂಬಯಿಗೆ ಹೋದವರು ಇದ್ದರು.

1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅಂದಿನಿಂದ ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಮುಂಬಯಿಯೇ ರಾಜಧಾನಿ. ಕಾಲೇಜು, ಕಚೇರಿ, ಕೋರ್ಟು ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಹಾಗೆ ಹೋದವರಲ್ಲಿ ಶಿರಾಲಿಯ ಚಿತ್ರಾಪುರ ಮಠದ ಅನುಯಾಯಿಗಳಾದ ಸಾರಸ್ವತರೂ ಇದ್ದರು. ಅವರ ಮನೆಮಾತು ಕೊಂಕಣಿ, ಓದು ಬರಹದ ಭಾಷೆ ಕನ್ನಡ. ನೌಕರಿ ಸಿಕ್ಕಿತು, ಮನೆ ಸಿಗಲಿಲ್ಲ. ಮುಂಬಯಿಯ ಮನೆ ಎಂದರೆ ಬಾಡಿಗೆಯ ಕೋಣೆ. ಸಂಬಳ ಒಂದು ಗೇಣು ಏರಿದರೆ ಬಾಡಿಗೆ ಒಂದು ಮೊಳ ಏರುವ ಕಾಲ.

1896ರಲ್ಲಿ ಆ ನಗರಕ್ಕೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಓಣಿಗಳೇ ಸಾವಿನ ಮನೆಗಳಾದವು. 1898ರಲ್ಲಿ ಸರ್ಕಾರ ನಗರ ಸುಧಾರಣಾ ಟ್ರಸ್ಟ್ ಸ್ಥಾಪಿಸಿತು. ಟ್ರಸ್ಟ್ ಇಕ್ಕಟ್ಟಿನ ಕೇರಿಗಳನ್ನು ಒಡೆದು ಅಗಲ ರಸ್ತೆ ಹಾಕಿತು, ಹೊಸ ಬಡಾವಣೆಗಳನ್ನು ಮಾಡಿತು. ಚೌಪಾಟಿ ಕಡಲತೀರಕ್ಕೆ ಹತ್ತಿರದ ಗಾಮದೇವಿ ಅವುಗಳಲ್ಲೊಂದು.

ಇಲ್ಲಿಯೇ 1915ರಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಅದರ ಮುಂದಾಳು ರಾವ್ ಬಹಾದ್ದೂರ್ ಎಸ್.ಎಸ್. ತಲ್ಮಕಿ. ತಾಡದೇವದ ತಲ್ಮಕಿವಾಡಿಗೆ ಅವರದೇ ಹೆಸರು. ಸಹಕಾರದ ಕಲ್ಪನೆ ಕನ್ನಡಿಗರಿಗೆ ಆಗಲೇ ಹೊಸದಾಗಿರಲಿಲ್ಲ. 1904ರ ಕಾಯ್ದೆ ಬಂದ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಾಲದ ಸಹಕಾರ ಸಂಘ ಕಟ್ಟಿದ್ದರು. 1909ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟಿಕೊಳ್ಳುವವರ ಸಹಕಾರ ಸಂಘವೊಂದು ಆರಂಭವಾಗಿತ್ತು. ಗಾಮದೇವಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಕಟ್ಟಡ ಸಂಘದ್ದು, ವಾಸ ಸದಸ್ಯನದು. ಮಾಲೀಕನೂ ಬಾಡಿಗೆದಾರನೂ ಒಬ್ಬನೇ ಆದ.

ಈ ಏರ್ಪಾಟಿಗೆ ಒಂದು ಮಿತಿಯೂ ಇತ್ತು. ಸಂಘ ಒಂದು ಸಮುದಾಯದವರಿಗಾಗಿ ಕಟ್ಟಿದ್ದು. ಒಳಗಿನವರಿಗೆ ನೆರಳಾದ ಸೂರು ಹೊರಗಿನವರಿಗೆ ಮುಚ್ಚಿದ ಬಾಗಿಲೂ ಆಗಬಲ್ಲದು. ಇಂಥ ಸಂಘಗಳ ಬೈಲಾಗಳ ಕುರಿತ ತಕರಾರು ಮುಂದೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಹಮದಾಬಾದಿನ ಪಾರ್ಸಿ ಸಂಘವೊಂದರ ಪ್ರಕರಣದಲ್ಲಿ 2005ರ ತೀರ್ಪು ಸಂಘದ ಪರವಾಗಿಯೇ ಬಂತು.

ಗಾಮದೇವಿಯ ಪಕ್ಕದ ಬಯಲಿಗೂ ಚರಿತ್ರೆಯಿದೆ. ಅದು ಗೋವಾಲಿಯಾ ಟ್ಯಾಂಕ್ ಮೈದಾನ. 1942ರ ಆಗಸ್ಟ್ 8ರಂದು ‘ಭಾರತ ಬಿಟ್ಟು ತೊಲಗಿ’ ನಿರ್ಣಯ ಅಂಗೀಕಾರವಾದದ್ದು ಅಲ್ಲಿಯೇ. ಇಂದು ಅದರ ಹೆಸರು ಆಗಸ್ಟ್ ಕ್ರಾಂತಿ ಮೈದಾನ. ಅದರ ಸುತ್ತಲಿನ ಮನೆಗಳ ಬೆಲೆಯಲ್ಲಿ ಆ ಬಯಲಿನ ಗಾಳಿಯೂ ಸೇರಿದೆ. ಆದರೆ ಬಯಲನ್ನು ಯಾರೂ ಮಾರಲಾರರು, ಅದು ಸಾರ್ವಜನಿಕರದು. ಜಾಹೀರಾತು ಹೊಗಳುವ ಗುಣಗಳಲ್ಲಿ ಅರ್ಧದಷ್ಟು ಮಾರುವವನ ಸೊತ್ತೇ ಅಲ್ಲ.

ಉಳಿದರ್ಧವೂ ಪೂರ್ತಿ ಅವನದಲ್ಲ. ಸಹಕಾರ ಸಂಘದ ಹಳೆಯ ಫ್ಲ್ಯಾಟು ಕೈ ಬದಲಾಗುವಾಗ ಕೊಳ್ಳುವವನಿಗೆ ವರ್ಗವಾಗುವುದು ಸಂಘದ ಷೇರುಗಳು ಮತ್ತು ಅವುಗಳ ಜೊತೆಗಿನ ವಾಸದ ಹಕ್ಕು. ನೆಲ, ಮೆಟ್ಟಿಲು, ಚಾವಣಿ, ನೀರಿನ ತೊಟ್ಟಿ ಎಲ್ಲ ಸಂಘದವು. ಕೆಲವೆಡೆ ನೆಲ ಸಂಘಕ್ಕೂ ಸೇರಿರುವುದಿಲ್ಲ. ಕಟ್ಟಿದವರು ಹಣ ಪಡೆದು ಹೋದರೂ ಭೂಮಿಯ ಪತ್ರ ಮಾಡಿಕೊಡದೇ ಉಳಿಸಿದ ಪ್ರಕರಣಗಳು ಹೆಚ್ಚಾದ್ದರಿಂದ, 2008ರಲ್ಲಿ ಮಹಾರಾಷ್ಟ್ರ ಕಾನೂನು ತಿದ್ದಿ, ಸಂಘಗಳು ಅಧಿಕಾರಿಯ ಮೂಲಕ ಆ ಹಕ್ಕು ಪಡೆಯುವ ದಾರಿ ಮಾಡಿಕೊಟ್ಟಿತು.

ಇದರ ಬಿಸಿ ತಟ್ಟುವುದು ಕಟ್ಟಡಕ್ಕೆ ವಯಸ್ಸಾದಾಗ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಕ್ಕೆ ಇಳಿದು ಕಬ್ಬಿಣದ ಸರಳನ್ನು ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಡ ಬಿದ್ದು ಕಾಂಕ್ರೀಟು ಸೀಳುತ್ತದೆ, ಚಕ್ಕೆಯಾಗಿ ಉದುರುತ್ತದೆ. ಒಳಗೆ ಎಷ್ಟು ಬಣ್ಣ ಹೊಡೆದರೂ ಕಂಬ ರಿಪೇರಿಯಾಗುವುದಿಲ್ಲ, ಕಂಬ ಎಲ್ಲರದು. ಒಂಟಿ ಮನೆಯವನು ಬೇಕೆಂದಾಗ ಮನೆ ಕೆಡವಿ ಕಟ್ಟಬಲ್ಲ. ಫ್ಲ್ಯಾಟಿನವನು ನೆರೆಯವರ ಒಪ್ಪಿಗೆಯಿಲ್ಲದೆ ಒಂದು ತೊಲೆಯನ್ನೂ ಬದಲಿಸಲಾರ. ಮುಂಬಯಿಯಲ್ಲಿ ಶಿಥಿಲವಾದ ಹಳೆಯ ಬಾಡಿಗೆ ಕಟ್ಟಡಗಳ ದುರಸ್ತಿಗೆಂದು 1969ರಲ್ಲೇ ಪ್ರತ್ಯೇಕ ಕಾಯ್ದೆ, ಪ್ರತ್ಯೇಕ ಕರ ತರಬೇಕಾಯಿತು.

ದಾವಣಗೆರೆಯ ಗಾಳಿಯಲ್ಲಿ ಕಡಲ ಉಪ್ಪಿಲ್ಲ. ಆದರೆ ಸೋರುವ ಚಾವಣಿ, ನಿಂತುಹೋದ ಲಿಫ್ಟು, ನಿರ್ವಹಣಾ ಶುಲ್ಕ ಕೊಡದ ನೆರೆಯವರು ಯಾವ ಊರಿನಲ್ಲೂ ಇರಬಲ್ಲರು. ಕರ್ನಾಟಕದಲ್ಲಿ 1972ರಲ್ಲಿ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ಬಂತು. 2016ರ ಕೇಂದ್ರದ ರೇರಾ ಕಾಯ್ದೆ, ಎಲ್ಲರಿಗೂ ಸೇರಿದ ಜಾಗವನ್ನು ಕೊಂಡವರ ಸಂಘಕ್ಕೆ ವರ್ಗಾಯಿಸಬೇಕು ಎಂದು ಹೇಳಿತು. ಕಾಯ್ದೆ ಕಾಗದ ಕೊಡಬಲ್ಲದು, ಸಂಘವನ್ನು ನಡೆಸುವ ಕೆಲಸ ಮಾತ್ರ ನಿವಾಸಿಗಳದೇ.

ಹಾಗಾಗಿ ಹಳೆಯ ಫ್ಲ್ಯಾಟು ನೋಡಲು ಹೋದವರು ಬಾಲ್ಕನಿಯಲ್ಲಿ ನಿಂತು ಉದ್ಯಾನ ನೋಡಿದರೆ ಸಾಲದು. ನೆಲ ಯಾರ ಹೆಸರಿನಲ್ಲಿದೆ? ಸಂಘ ನೋಂದಣಿಯಾಗಿದೆಯೇ? ದುರಸ್ತಿ ನಿಧಿಯಲ್ಲಿ ಹಣ ಎಷ್ಟಿದೆ? ಕಳೆದ ಸಭೆಗೆ ಎಷ್ಟು ಮಂದಿ ಬಂದಿದ್ದರು? ಕೊನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಆದರೆ ಕಟ್ಟಡದ ಆಯಸ್ಸು ಅದರಲ್ಲಿಯೇ ತಿಳಿಯುತ್ತದೆ. ಬಾಡಿಗೆಯ ಕೋಣೆಗಳಿಂದ ಬಂದ ಗಾಮದೇವಿಯ ನೌಕರರು 1915ರಲ್ಲಿ ಮೊದಲು ಕಟ್ಟಿದ್ದು ಸಂಘವನ್ನು. ಮನೆ ಎದ್ದದ್ದು ಅದರ ನಂತರ.