ಕೂತು ಉಣ್ಣುವುದೋ, ಅರ್ಧ ದುಡಿದು ಉಣ್ಣುವುದೋ?
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿ ಬಗ್ಗೆ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದ್ದರು. ಅದನ್ನು ನಮಗಿಂತ ಹಿರಿಯರು ಚೆನ್ನಾಗಿ ಹೇಳುತ್ತಾರೆ. ಸಂಘದ ಕಟ್ಟೆ ಮೇಲೆ ದಿನಾ ನಡೆಯುವ ಒಂದು ಮಾತನ್ನು ನಾವು ಇಲ್ಲಿ ಎತ್ತಿಕೊಳ್ಳುತ್ತೇವೆ. ರಸ್ತೆಗೆ ಜಮೀನು ಹೋಗಿ ಪರಿಹಾರ ಬಂದವರು, ಸೈಟು ಮಾರಿದವರು, ನಲವತ್ತೈದು ಐವತ್ತಕ್ಕೇ "ಸಾಕಪ್ಪ ಈ ಬೇಸಾಯ, ದುಡ್ಡು ಡಿಪಾಜಿಟ್ ಇಟ್ಟು ಬಡ್ಡೀಲಿ ಕೂತು ಉಣ್ಣೋಣ" ಅಂತಾರೆ. ಆಸೆ ತಪ್ಪಲ್ಲ. ಸರ್ಕಾರಿ ನೌಕರರಿಗೆ ಅರವತ್ತಕ್ಕೆ ನಿವೃತ್ತಿ ಉಂಟು, ರೈತನಿಗೆ ಮಂಡಿ ಸವೆದಾಗಲೇ ನಿವೃತ್ತಿ. ನಮಗೂ ನಲವತ್ತೇಳಾಯಿತು, ಬೆಳಿಗ್ಗೆ ಏಳುವಾಗ ಸೊಂಟವೇ ವಯಸ್ಸು ಹೇಳುತ್ತದೆ. ಆದರೆ ಪೂರ್ತಿ ಕೂರುವುದಕ್ಕೂ ಅರ್ಧ ಕೂರುವುದಕ್ಕೂ ಎಷ್ಟು ಅಂತರ ಅಂತ ಲೆಕ್ಕ ಹಾಕಿ ನೋಡಬೇಕು ಸ್ವಾಮಿ.

ಗಂಡ ಹೆಂಡತಿ ಇಬ್ಬರ ಸಂಸಾರಕ್ಕೆ ತಿಂಗಳಿಗೆ 18,000 ರೂಪಾಯಿ ಅಂತ ಇಟ್ಟುಕೊಳ್ಳಿ. ರಾಗಿ, ಕಾಯಿ ಮನೇದೇ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿ ಖಾತೆಗೆ 15 ಲಕ್ಷದವರೆಗೆ ಇಡಬಹುದೆಂದು 2023ರ ಏಪ್ರಿಲ್‌ನಲ್ಲಿ ಆಯಿತು. ಆಗ ನಿಗದಿಯಾದ ಶೇಕಡ 7.4ರ ಬಡ್ಡಿಯಂತೆ ತಿಂಗಳಿಗೆ 9,250 ರೂಪಾಯಿ. ದರವನ್ನು ಸರ್ಕಾರ ಆಗಾಗ ಬದಲಾಯಿಸಬಹುದು, ಆದರೆ ನಾವು ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ. ಉಳಿದ 8,750 ರೂಪಾಯಿ ದುಡಿಯಬೇಕು. ಅಂದರೆ ದಿನಕ್ಕೆ 300ಕ್ಕೂ ಕಮ್ಮಿ. ಇದನ್ನೂ ದುಡಿಯದೆ ಬರೀ ಬಡ್ಡೀಲೇ 18,000 ಬೇಕು ಅಂದರೆ, ಅದೇ ದರದಲ್ಲಿ 29 ಲಕ್ಷಕ್ಕೂ ಮೇಲೆ ಅಸಲು ಬೇಕು! ಅರ್ಧ ದಿನದ ಕೆಲಸ 14 ಲಕ್ಷದ ಗಂಟಿಗೆ ಸಮ ಆಯ್ತಲ್ಲ. ನಮ್ಮಲ್ಲಿ ಎಷ್ಟು ಜನರ ಹತ್ತಿರ ಆ ಗಂಟು ಇದೆ?

ಇನ್ನೊಂದು ಮಾತು. ಅಂಚೆ ಕಚೇರಿಯ 9,250 ಐದು ವರ್ಷವೂ 9,250ರಲ್ಲೇ ಇರುತ್ತದೆ, ಅಂಗಡಿಯ ಚೀಟಿ ಮಾತ್ರ ಹಾಗಿರುವುದಿಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತದೆ. ಐವತ್ತಕ್ಕೆ ಕೂತವನಿಗೆ ಅರವತ್ತೆರಡಕ್ಕೆ 36,000 ಬೇಕು. ಆ ವಯಸ್ಸಿನಲ್ಲಿ ಗುದ್ದಲಿ ಹಿಡಿಯುವುದಕ್ಕಿಂತ, ಕೈಕಾಲು ಗಟ್ಟಿ ಇರುವಾಗಲೇ ಅರ್ಧ ದಿನ ದುಡಿದು, ಮಿಕ್ಕಿದ್ದನ್ನು ಅಸಲಿಗೆ ಸೇರಿಸುತ್ತಾ ಹೋಗುವುದು ಮೇಲು.

ಅರ್ಧ ದಿನದ ಕೆಲಸ ಯಾವುದು ಅಂದರೆ, ಹಸು ಅಂತ ಮಾತ್ರ ಹೇಳಬೇಡಿ. ಹಸು ಕಟ್ಟಿದವನಿಗೆ ಬೆಳಗೂ ಬಿಡುವಿಲ್ಲ, ಬೈಗೂ ಬಿಡುವಿಲ್ಲ, ನೆಂಟರ ಮದುವೆಗೂ ಒಬ್ಬರೇ ಹೋಗಬೇಕು. ನಮ್ಮ ಮನೆಯಲ್ಲಿ ನಾವು ಯೋಚಿಸಿರುವುದು ಇಷ್ಟು: ಹೊಲದ ಬೇಸಾಯ ಮಗನಿಗೆ ಬಿಡುವುದು, ಎರಡು ಎಕರೆ ತೆಂಗಿನ ತೋಟ ಇಟ್ಟುಕೊಳ್ಳುವುದು, ಹನಿ ನೀರಾವರಿ ಇರುವುದರಿಂದ ಬೆಳಗಿನ ಕೆಲಸ ಸಾಕು, ಜತೆಗೆ ತೆಂಗಿನ ಸಸಿ ಮಾಡಿ ಮಾರುವುದು. ಲೆಕ್ಕ ಬರುವವರು ಅಂಗಡಿ, ಮಂಡಿಗಳಲ್ಲಿ ಅರ್ಧ ದಿನ ಬರೆಯಬಹುದು. ಟೈಲರಿಂಗ್ ಬಲ್ಲ ತಾಯಂದಿರಿಗೆ ನಾವು ಹೇಳಿಕೊಡಬೇಕಾದ್ದೇನಿಲ್ಲ.

ಗಂಟು ಎಲ್ಲಿಡಬೇಕು? ನಿರ್ದೇಶಕರಾಗಿ ಹೇಳುತ್ತೇವೆ, ಎಲ್ಲವನ್ನೂ ನಮ್ಮ ಸಂಘದಲ್ಲೇ ಇಡಿ ಅನ್ನುವುದಿಲ್ಲ. ಅಧ್ಯಕ್ಷರು ಮುನಿಸಿಕೊಂಡರೂ ಸರಿಯೇ! ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಉಂಟು. ನಮ್ಮಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಸಂಘದಲ್ಲಿ ಇಷ್ಟು, ಅಂಚೆ ಕಚೇರಿಯಲ್ಲಿ ಇಷ್ಟು, ಬ್ಯಾಂಕಿನಲ್ಲಿ ಇಷ್ಟು ಅಂತ ಹಂಚಿ ಇಡಿ. ನೂರಕ್ಕೆ ತಿಂಗಳಿಗೆ ಐದು ಕೊಡ್ತೀವಿ ಅಂತ ಬರುವವರಿಗೆ ಮಜ್ಜಿಗೆ ಕೊಟ್ಟು ಕಳಿಸಿ.

ಗಂಟನ್ನು ಕರಗಿಸುವುದು ಎರಡೇ, ಮದುವೆ ಮತ್ತು ಆಸ್ಪತ್ರೆ. ಮದುವೆ ನಮ್ಮ ಕೈಯಲ್ಲಿದೆ. ಆಸ್ಪತ್ರೆಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತುಹೋಗಿ, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದ ಈ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೇ ಇರುವುದು. ನೋಂದಣಿ ಕರೆದಾಗ "ನಾಳೆ ಬರ್ತೀವಿ" ಅನ್ನಬೇಡಿ.

ಇದರ ಲೆಕ್ಕ ತೊಡಕಾದವರು ಸಂಘದ ಕಚೇರಿಗೆ ಬನ್ನಿ, ಕೂತು ಬರೆಯೋಣ. ಮನೆಯವರನ್ನೂ ಕರೆದುಕೊಂಡು ಬನ್ನಿ. ತಿಂಗಳಿಗೆ ಎಷ್ಟು ಖರ್ಚಾಗುತ್ತೆ ಅನ್ನೋದು ನಮಗಿಂತ ಅವರಿಗೇ ಗೊತ್ತು.