ಒಂದು ಆಟದ ಸಂಘದ ನೆನಪಿನ ಮನೆ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಮಕ್ಕಳಿಗೆ ಕಾಲ್ಚೆಂಡಾಟದ ಸೊಗಸನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಕೊಯ್ಲು ಮುಗಿದ ಗದ್ದೆಯೂ ಅವರಿಗೆ ಆಟದ ಬಯಲೇ. ಆದರೆ ನಾವಿಂದು ಹೇಳಬಯಸುವುದು ಆಟ ಮುಗಿದ ಮೇಲೆ ಉಳಿಯತಕ್ಕದ್ದನ್ನು ಕುರಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಕಾಲ್ಚೆಂಡಿನ ಸಂಘವು ತನ್ನ ನೆನಪುಗಳನ್ನು ಕಾಪಾಡಿಕೊಂಡ ಬಗೆ ನಮಗೂ ವಿಚಾರಯೋಗ್ಯವಾಗಿದೆ.

ಆ ಸಂಘವು ಸಿರಿವಂತರ ಮನೆಯಲ್ಲಿ ಹುಟ್ಟಿದುದಲ್ಲ. 1878ರಲ್ಲಿ ನ್ಯೂಟನ್ ಹೀತ್ ಎಂಬಲ್ಲಿನ ರೈಲ್ವೆ ಕಾರ್ಖಾನೆಯ ಕೆಲಸಗಾರರು ಅದನ್ನು ಕಟ್ಟಿದರು. 1902ರಲ್ಲಿ ಅದು ಸಾಲದಲ್ಲಿ ಮುಳುಗಲಿದ್ದಾಗ ಜಾನ್ ಹೆನ್ರಿ ಡೇವಿಸ್ ಎಂಬ ಉದ್ಯಮಿ ಮುಂದೆ ಬಂದು ಉಳಿಸಿದರು. ಇಂದಿನ ಹೆಸರು ಬಂದದ್ದು ಆಗಲೇ. 1910ರಲ್ಲಿ ತೆರೆದ ಓಲ್ಡ್ ಟ್ರ್ಯಾಫರ್ಡ್ ಕ್ರೀಡಾಂಗಣವು 1941ರಲ್ಲಿ ಜರ್ಮನ್ ಬಾಂಬುಗಳಿಗೆ ತುತ್ತಾಯಿತು. ಯುದ್ಧವು ಮುಗಿದ ಮೇಲೂ, 1949ರವರೆಗೆ, ಸಂಘವು ನೆರೆಯ ಪ್ರತಿಸ್ಪರ್ಧಿಯ ಅಂಗಣದಲ್ಲಿಯೇ ಆಡಬೇಕಾಯಿತು.

ಇದಕ್ಕಿಂತಲೂ ದೊಡ್ಡ ಆಘಾತವು 1958ರ ಫೆಬ್ರವರಿ 6ರಂದು ಒದಗಿತು. ಬೆಲ್‌ಗ್ರೇಡಿನಲ್ಲಿ ಆಡಿ ಹಿಂತಿರುಗುತ್ತಿದ್ದ ತಂಡದ ವಿಮಾನವು ಮ್ಯೂನಿಕ್ಕಿನಲ್ಲಿ, ಕರಗಿದ ಹಿಮ ತುಂಬಿದ್ದ ಹಾದಿಯಿಂದ ಮೇಲೇಳಲಾರದೆ ಅಪ್ಪಳಿಸಿತು. ಒಟ್ಟು 23 ಮಂದಿ ತೀರಿಕೊಂಡರು. ಅವರಲ್ಲಿ 8 ಮಂದಿ ಆಟಗಾರರು. ಡಂಕನ್ ಎಡ್ವರ್ಡ್ಸ್ ಎಂಬ ತರುಣನಿಗೆ ಆಗ 21 ವರ್ಷ. ಬದುಕುಳಿದ ತರಬೇತುದಾರ ಮ್ಯಾಟ್ ಬಸ್ಬಿ ತಂಡವನ್ನು ಮತ್ತೆ ಕಟ್ಟಿದರು. ಹತ್ತು ವರ್ಷಗಳ ಮೇಲೆ, 1968ರಲ್ಲಿ, ಅದೇ ತಂಡವು ಯುರೋಪಿಯನ್ ಕಪ್ಪನ್ನು ಗೆದ್ದಿತು. ಅಂದು ಎರಡು ಗೋಲು ಹೊಡೆದ ಬಾಬಿ ಚಾರ್ಲ್ಟನ್ ಕೂಡ ಮ್ಯೂನಿಕ್ಕಿನಲ್ಲಿ ಬದುಕಿ ಉಳಿದವರೇ.

ಈ ಸಂಘವು 1986ರಲ್ಲಿ ತನ್ನ ವಸ್ತುಸಂಗ್ರಹಾಲಯವನ್ನು ತೆರೆಯಿತು. 1998ರಲ್ಲಿ ಅದನ್ನು ಹೊಸದಾಗಿ ಕಟ್ಟಿದಾಗ ಬ್ರೆಜಿಲಿನ ಪೆಲೆ ಬಂದು ಉದ್ಘಾಟಿಸಿದರು. ಅಲ್ಲಿ ಗೆದ್ದ ಬಟ್ಟಲುಗಳು ಹೊಳೆಯುತ್ತಿವೆ. ಮ್ಯೂನಿಕ್ಕಿನಲ್ಲಿ ಮಡಿದವರಿಗೂ ಸ್ಥಳವಿದೆ. ಬಟ್ಟಲುಗಳನ್ನಷ್ಟೇ ಇಟ್ಟಿದ್ದರೆ ಅದು ಅಂಗಡಿಯ ಕಪಾಟಿನಂತಾಗುತ್ತಿತ್ತು. ದುಃಖವನ್ನೂ ಇಟ್ಟುದರಿಂದ, 1958ರ ಬಳಿಕ ಹುಟ್ಟಿದ ಮಗುವೂ ಆ ಹೆಸರುಗಳನ್ನು ತನ್ನವರ ಹೆಸರುಗಳೆಂದು ಕಲಿಯುತ್ತದೆ.

ಬಂಧುಗಳೇ, 1956ರ ನವೆಂಬರ್ 1ರಂದು ಗಡಿಯ ಈಚೆಗೆ ಉಳಿದ ನಮಗೆ ಇಂತಹ ನೆನಪಿನ ಮನೆ ಇನ್ನೂ ಅಗತ್ಯ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯು ಸ್ಮಾರಕವಾಗಿ ಉಳಿದಿರುವುದು ಭಾಗ್ಯವೇ ಸರಿ. ಆದರೆ ಶಾಲೆಯ ಹಳೆಯ ಭಾವಚಿತ್ರ, ಯಕ್ಷಗಾನದ ಕರಪತ್ರ, ಸಂಘದ ನಡಾವಳಿ ಪುಸ್ತಕ, ಊರ ಪಂದ್ಯದಲ್ಲಿ ಗೆದ್ದ ಬಟ್ಟಲು, ಇವೆಲ್ಲ ಗೆದ್ದಲಿಗೂ ಮಳೆಗಾಲಕ್ಕೂ ಆಹಾರವಾಗುತ್ತಿವೆ. ಹೆಸರು ಬರೆಯದ ಚಿತ್ರವು ಹಿರಿಯರೊಬ್ಬರು ತೀರಿಕೊಂಡೊಡನೆ ಮೂಕವಾಗುತ್ತದೆ.

ದೊಡ್ಡ ಕಟ್ಟಡಕ್ಕೆ ಕಾಯಬೇಕಾಗಿಲ್ಲ. ಒಣಗಿದ ಜಾಗದಲ್ಲಿ ಒಂದು ಕಪಾಟು ಸಾಕು. ಚಿತ್ರದ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಹೆಸರು, ಊರು, ವರ್ಷಗಳನ್ನು ಬರೆಯೋಣ. ಸೋತ ಕಥೆಯನ್ನೂ, ನಿಂತುಹೋದ ಶಾಲೆಯ ಹಾಜರಿ ಪುಸ್ತಕವನ್ನೂ ಬಿಡದೆ ಇಡೋಣ. ವರ್ಷಕ್ಕೊಮ್ಮೆ ಬಾಗಿಲು ತೆರೆದು, ಹಿರಿಯರಿಂದ ಮಕ್ಕಳಿಗೆ ಹೇಳಿಸೋಣ. ತಾನು ಓದುವ ಕನ್ನಡವು ಯಾರ ದುಡಿಮೆಯಿಂದ ಉಳಿಯಿತೆಂದು ಅರಿತ ಮಗು ಅದನ್ನು ಸುಲಭವಾಗಿ ಕೈಬಿಡದು. ತಮ್ಮ ಮನೆಯ ಅಟ್ಟದಲ್ಲಿರುವುದನ್ನು ಒಮ್ಮೆ ಇಳಿಸಿ ನೋಡಬೇಕೆಂದು ತಮ್ಮೆಲ್ಲರಲ್ಲಿ ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.